ಕೂದಲೆಳೆಯಷ್ಟು ಮೋಟು

ಹಲೋ... ಹಾಂ, ಯಾರು ಮಾತಾಡ್ತಿರೋದು?... ಹೌದು, ಪ್ರೆಸ್ಸೇ. ಆದರೆ ಇವತ್ತು ರಜ. ಮಷೀನ್ ಒರೆಸಿ ಎಣ್ಣೆ ಬಿಡೋಣ ಅಂತ ನಾನೊಬ್ಬನೇ ಬಂದಿದೀನಿ. ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು ಏನಿದ್ರೂ ಸೋಮವಾರ ಬನ್ನಿ, ಒಂಬತ್ತರ ಮೇಲೆ...

ಯಾರು?... ಲೋ, ನೀನೇನೋ? ಹಲ್ಲುಸೆಟ್ಟು? ಇದ್ಯಾವುದೋ ಬೇರೆ ನಂಬರು. ಗಿರಾಕಿ ಅಂದ್ಕೊಂಡು ಬನ್ನಿ ಹೋಗಿ ಅಂತ ಮರ್ಯಾದೆ ಕೊಟ್ಟುಬಿಟ್ಟೆ, ವಾಪಸ್ ಕೊಡು...

ಏನಾಯ್ತು ನಿನ್ನ ಫೋನಿಗೆ?... ಪ್ಲಾಸ್ಟರ್ ಬಕೆಟ್ಟಿಗೆ ಬಿತ್ತಾ? ಗಟ್ಟಿಯಾಗೋ ತನಕ ಗೊತ್ತೇ ಆಗ್ಲಿಲ್ವಾ?... ಸರಿಹೋಯ್ತು. ಊರಿನ ಅರ್ಧ ಮುದುಕರ ಬಾಯಿ ಅಚ್ಚು ತೆಗೆದವನು, ಈಗ ಫೋನಿನ ಅಚ್ಚೂ ತೆಗೆದೆ. ಅದಕ್ಕೂ ಮೇಲೊಂದು ಕೆಳಗೊಂದು ಹಲ್ಲಿನ ಸೆಟ್ ಮಾಡಿ ಕೂರಿಸಿಬಿಡು...

ಮತ್ತೆ ಇದು ಯಾರ ಫೋನು?...

ಓಹೋ... ಮೇಷ್ಟ್ರದ್ದು. ಡ್ರಾಯಿಂಗ್ ಮೇಷ್ಟ್ರದ್ದು...

ಇಲ್ಲಪ್ಪ, ನನಗೇನಾಗಬೇಕು? ಧ್ವನಿ ಸರಿಯಾಗೇ ಇದೆ. ಕೇಳಿದೆ ಅಷ್ಟೆ. ಅಂದ್ರೆ ಮೇಷ್ಟ್ರು ಅಲ್ಲೇ ಇದಾರೆ. ಶನಿವಾರ ಮಧ್ಯಾಹ್ನ, ನೀನು ಹಲ್ಲು ಉಜ್ಜೋ ಆ ಕೋಣೇಲಿ, ಕಿಟಕಿ ಪಕ್ಕದ ಸ್ಟೂಲ್ ಮೇಲೆ. ಆ ಸ್ಟೂಲಿನ ಒಂದು ಕಾಲು ಕುಂಟು ಅಂತ ಅವರಿಗೆ ಹೇಳಿದೀಯಾ? ಅದರ ಕೆಳಗೆ ರಟ್ಟು ಮಡಚಿ ಇಟ್ಟವನು ನಾನು. ಹದಿನೆಂಟು ವರ್ಷ ಆ ಸ್ಟೂಲು ನನ್ನದು... ಹೋಗ್ಲಿ ಬಿಡು...

ಹಾಂ, ಹೇಳು, ಏನ್ ವಿಷಯ?... ಆರು ಪರ್ಸೆಂಟಾ? ಬ್ಯಾಟರಿ ಅಷ್ಟೇ ಇರೋದಾ? ನಿನ್ನ ಚಾರ್ಜರ್ ಹಾಕಬಾರದಾ?... ಪಿನ್ನು ಕೂರಲ್ವಾ. ನೋಡು, ನಿಮ್ಮಿಬ್ಬರದು ಎರಡು ದೇಹ ಒಂದೇ ಜೀವ ಅಂದ್ಕೊಂಡಿದ್ದೆ. ಚಾರ್ಜರ್ ಪಿನ್ನಾದ್ರೂ ಬೇರೆ ಇದೆಯಲ್ಲ, ನನಗಷ್ಟು ಸಮಾಧಾನ...

ಆಯ್ತು, ಆಯ್ತು, ಕುಟುಕಲ್ಲ. ಹೇಳು...

ಏನು?... ಇನ್ನೊಂದ್ಸಲ ಹೇಳು...

ಪೆಟ್ಟಿಗೆ ತಗೊಂಡು ಹೋಗು ಅಂದ್ರೆ? ನಾಳೆ ಭಾನುವಾರ, ಆಟ ಇದೆಯಲ್ಲ. ಕುಸ್ತಿ ಕಾರ್ಡಿನ ಪೆಟ್ಟಿಗೆ ಇಲ್ಲಿಗೆ ತಂದುಬಿಟ್ರೆ ನಾಳೆ ಅಲ್ಲಿ ಏನಿಟ್ಕೊಂಡು ಆಡೋದು?... ಇಲ್ವಾ... ನಾಳೆಯಿಂದ ಆಟವೇ ಇಲ್ವಾ...

ಹಾಂ... ಮೇಷ್ಟ್ರು ಎಲ್ಲಾ ಕಾರ್ಡೂ ವಾಪಸ್ ಕೊಡೋಕೆ ಬಂದಿದಾರಾ. ಹೊರಗೆ ವರಾಂಡದಲ್ಲಿ ಕೂತು ಜೋಡಿಸ್ತಾ ಇದಾರಾ...

ಗೊತ್ತು ಕಣೋ, ನಿಯಮ ಗೊತ್ತು, ನಾನೇ ಬರೆದಿದ್ದು. ಹೋದವನ ಕಾರ್ಡು ವಾಪಸ್ ಬಂದು, ಆಡೋರು ನಾಲ್ಕು ಜನಕ್ಕಿಂತ ಕಡಿಮೆಯಾದ್ರೆ ಆಟ ಮುಗೀತು, ಪೆಟ್ಟಿಗೆಗೆ ಬೀಗ, ಬೀಗದ ಕೈ ನಿನಗೆ, ಪೆಟ್ಟಿಗೆ ನನಗೆ. ಅದನ್ನ ಬರೆದಾಗ ನಾವು ಮೂವತ್ತೆರಡು ಜನ ಇದ್ವಿ. ಟೈರ್ ಅಂಗಡಿ ಮೇಲಿದ್ದ ದೊಡ್ಡ ಹಾಲ್ ಸಾಲದೆ, ಕುರ್ಚಿ ಸಾಲದೆ, ಕೆಳಗಿಂದ ಟೈರ್ ಉರುಳಿಸ್ಕೊಂಡು ಬಂದು ಅದರ ಮೇಲೆ ಕೂತು ಆಡಿದ್ರು. ಸೊಂಟದಲ್ಲಿ ಕಪ್ಪು ಬಳೆ ಮೂಡಿಸ್ಕೊಂಡು ಮನೆಗೆ ಹೋಗೋರು. ನಾಲ್ಕು ಅನ್ನೋದನ್ನ ತಮಾಷೆಗೆ ಬರೆದೆ. ಈಗ ಎಣಿಸಿದ್ರೆ ನೀನು, ನಾನು, ನರ್ಸಕ್ಕ. ಬೆರಳು ಮಿಕ್ಕುತ್ತೆ...

ಮುಗೀಲಿ ಬಿಡು... ಹೂಂ, ಸರಿಯಾಗೇ ಕೇಳಿಸ್ತು ನಿನಗೆ. ಮುಗೀಲಿ ಅಂದೆ. ಇಪ್ಪತ್ತೆರಡು ವರ್ಷ ಆಯ್ತು. ಕಾರ್ಡು ಮಾಡಿದ ಕಂಪನಿಯೇ ಏಳು ವರ್ಷಕ್ಕೆ ಬಾಗಿಲು ಹಾಕ್ತು. ಹೆತ್ತವರೇ ಕೈಬಿಟ್ಟ ಕೂಸನ್ನ ನಾವು ಹದಿನೈದು ವರ್ಷ ಸಾಕಿದ್ವಿ, ಸಾಲದಾ? ಗೋಡೌನಲ್ಲಿ ಕೊಳೀತಾ ಬಿದ್ದಿದ್ದ ಅವರ ಕಾರ್ಡಿನ ರಟ್ಟು, ಆ ಬೋರ್ಡನ್ನ ನಾನು ತಳ್ಳುಗಾಡೀಲಿ ಹೊತ್ತು ತಂದೆ, ನೆನಪಿದೆಯಾ? ಅದೇ ದಪ್ಪ, ಅದೇ ನುಣುಪು. ವರ್ಷಕ್ಕೆ ನಲವತ್ತು ಹೊಸ ಕಾರ್ಡು, ಹದಿನೈದು ವರ್ಷ. ಈ ವರ್ಷದ್ದೇ ಆ ಬೋರ್ಡಿನ ಕೊನೇ ಹಾಳೆ. ಅದು ಮುಗಿದಾಗಲೇ ಅನ್ಕೊಂಡೆ, ಇನ್ನು ಇದರ ಆಯಸ್ಸು ಇಷ್ಟೇ ಅಂತ...

ಇಲ್ಲ, ದುಃಖ ಗಿಃಖ ಏನಿಲ್ಲ. ನನ್ನ ಹೆಂಡತಿಗೆ ಖುಷಿ. ಐವತ್ತು ದಾಟಿದ ಗಂಡಸರು ಕಾಗದದ ಪೈಲ್ವಾನರನ್ನ ಗುದ್ದಾಡಿಸ್ತಾ ಕೂರ್ತೀರಲ್ಲ, ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ ಅಂತ ಅವಳ ಹಾಡು ಇದ್ದದ್ದೇ...

ಮೇಷ್ಟ್ರ ವಿಷಯ ನಾನ್ಯಾಕೆ ಮಾತಾಡ್ಲಿ? ನೀನೇ ಎತ್ತಿದೀಯ. ಗುರುತು ಮಾಡಿದ ಕಾರ್ಡು ಅವರ ಕಟ್ಟಿನಲ್ಲಿ ಸಿಕ್ತು. ಗುರುತಿನ ಕಾರ್ಡು ಸಿಕ್ಕಿದ್ರೆ ಆಟಗಾರ ಹೊರಗೆ. ಅದೂ ನಿಯಮವೇ... ಹೌದಪ್ಪ, ಅದನ್ನೂ ನಾನೇ ಬರೆದೆ. ಬರೆಯೋಕೆ ಬೇರೆ ಯಾರು ಬಂದಿದ್ರು?...

ನಾನೇನೂ ಹೇಳ್ಲಿಲ್ಲವಲ್ಲ ಅವತ್ತು. ಬಾಯಿ ಬಿಟ್ಟಿದ್ದು ನರ್ಸಕ್ಕ. ಆಟ ಶುರು ಮಾಡೋ ಮುಂಚೆ ಎದುರಾಳಿ ಕಟ್ಟನ್ನ ಎರಡು ಭಾಗ ಮಾಡ್ಬೇಕಲ್ಲ, ಅವಳು ಮಾಡಿದ್ಲು, ಬೆರಳಿಗೆ ತಡೀತು. ಮೂವತ್ತು ವರ್ಷದಿಂದ ನಾಡಿ ಹಿಡಿಯೋ ಬೆರಳು ಅದು, ಬಿಡುತ್ತಾ? ಈ ವರ್ಷದ ಹೊಸ ಕಾರ್ಡೆಲ್ಲ ಹಳೇದಕ್ಕಿಂತ ಕೂದಲೆಳೆಯಷ್ಟು ಮೋಟು ಇವೆ ಮೇಷ್ಟ್ರೇ, ನಿಮ್ಮ ಕಟ್ಟಿನಲ್ಲಿ ಮಾತ್ರ ಹೀಗಿವೆ ಅಂದ್ಲು. ಹಾಗಿದ್ರೆ ಒಳ್ಳೇ ಪಟ್ಟಿನ ಹೊಸ ಕಾರ್ಡು ಎಲ್ಲಿ ಕೂತಿದೆ ಅಂತ ಹೆಬ್ಬೆರಳಿಗೇ ಗೊತ್ತಾಗುತ್ತೆ ಅಂದ್ಲು. ತಪ್ಪೇನಿದೆ ಅವಳ ಮಾತಲ್ಲಿ?...

ಮೇಷ್ಟ್ರೇ ಒಪ್ಕೊಂಡ್ರಲ್ಲ. ಅಂಚು ಒರಟಾಗಿತ್ತು, ಮನೇಲಿ ಬ್ಲೇಡ್ ಹಾಕಿ ನಾನೇ ಸವರಿದೆ, ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ ಅಂದ್ರಲ್ಲ. ನಾಲ್ಕು ಜನರ ಮುಂದೆ ಅಂದ್ರು. ಕಳ್ಳನೇ ಕದ್ದೆ ಅಂದಮೇಲೆ ಪಂಚಾಯ್ತಿ ಯಾಕೆ?...

ನಾನು ತಲೆ ತಗ್ಗಿಸಿ ಕೂತಿದ್ನಾ? ಯಾರು ಹೇಳಿದ್ದು?... ನೀನು ನೋಡಿದ್ಯಾ... ಕತ್ತು ನೋವಿತ್ತು ಅವತ್ತು...

ಹಲೋ?... ಹಾಂ, ಇದೀನಿ. ಬ್ಯಾಟರಿ ಹೋಯ್ತೇನೋ ಅಂದ್ಕೊಂಡೆ. ಎಷ್ಟಿದೆ ಈಗ?... ಐದಾ...

ನೋಡು, ನೀನು ಕೇಳಿದ್ದಕ್ಕೆ ಹೇಳ್ತೀನಿ. ನನಗೆ ಆ ಮನುಷ್ಯನ ಮೇಲೆ ದ್ವೇಷ ಇಲ್ಲ. ಮೂರು ವರ್ಷದ ಹಿಂದೆ ಅಮ್ಮನಿಗೆ ಹಲ್ಲು ಕಟ್ಟಿಸೋಕೆ ಬಂದ್ರು. ನಿನ್ನ ಮೇಜಿನ ಮೇಲೆ ಕಾರ್ಡು ಕಂಡ್ರು, ಇದೇನು ಅಂದ್ರು. ನೀನು ಅಮ್ಮನ ಬಾಯಲ್ಲಿ ಅಚ್ಚು ಹಾಗೇ ಬಿಟ್ಟು ಮಗನಿಗೆ ಆಟ ಹೇಳಿಕೊಟ್ಟೆ. ಪಾಪ ಆ ತಾಯಿ ಒಂದು ಮಾತಾಡೋ ಹಾಗಿಲ್ಲ, ನುಂಗೋ ಹಾಗಿಲ್ಲ. ಪೈಲ್ವಾನನ್ನ ಮುಂದಿಡಬೇಕು, ಪಟ್ಟು ಎಸೀಬೇಕು, ಪೆಟ್ಟು ಬಿದ್ದಷ್ಟು ಕಾರ್ಡು ಎದುರಾಳಿ ಕಟ್ಟಿನಿಂದ ಉದುರಬೇಕು, ಕಟ್ಟು ಖಾಲಿಯಾದವನು ಚಿತ್. ಇಷ್ಟು ಹೇಳೋಕೆ ನನಗೆ ಎರಡು ತಿಂಗಳು ಹಿಡಿಸಿದ್ದೆ ನೀನು. ಅವರಿಗೆ ಹತ್ತು ನಿಮಿಷ...

ಖುಷಿ ಆಯ್ತು ಕಣೋ ಆಗ ನನಗೂ. ನಿಜ. ಹೊಸಬರು ಬಂದು ಐದು ವರ್ಷ ಆಗಿತ್ತು...

ಆಮೇಲೆ ಏನಾಯ್ತು ಅಂತ ನನ್ನನ್ನೇ ಕೇಳ್ತೀಯಾ? ಮೊದಲು ನನ್ನ ಚಿತ್ರ ಹೋಯ್ತು. ಹನ್ನೆರಡು ವರ್ಷ ಕಾರ್ಡಿನ ಚಿತ್ರ ನಾನು ಬರೆದೆ. ನಾನು ಬರೆದ ಪೈಲ್ವಾನರಿಗೆ ಕಾಲು ದಿಂಬಿನ ಥರ ಇತ್ತು, ಒಪ್ತೀನಿ. ಒಬ್ಬನಿಗೆ ಒಂದು ಕೈಲಿ ಆರು ಬೆರಳು ಬಿತ್ತು, ಅದನ್ನೇ ಅವನ ಶಕ್ತಿ ಅಂತ ನಿಯಮದಲ್ಲಿ ಸೇರಿಸಿಬಿಟ್ವಿ. ನಗ್ತಾ ಇದ್ವಿ, ಆಡ್ತಾ ಇದ್ವಿ. ಮೇಷ್ಟ್ರು ಬಂದು ಬರೆದ್ರು ನೋಡು, ಮೈಯಲ್ಲಿ ಬೆವರು ಕಾಣೋ ಹಾಗೆ. ನರ್ಸಕ್ಕ ಕಾರ್ಡನ್ನ ಬೆಳಕಿಗೆ ಹಿಡಿದು ಹಿಡಿದು ನೋಡಿದ್ಲು. ನೀನು ಏನಂದೆ? ಈಗ ನಮ್ಮದು ನಿಜವಾದ ಆಟ ಆಯ್ತು ಅಂದೆ... ಅಂದೆ. ನಿನಗೆ ನೆನಪಿರಲ್ಲ. ನನಗೆ ಇದೆ. ಹಾಗಿದ್ರೆ ಅಲ್ಲೀವರೆಗೂ ನಾನು ಮಾಡಿದ್ದೇನು, ಗುಜರಿಯಾ?...

ತಾಳು, ಇನ್ನೂ ಇದೆ. ನಿನ್ನ 'ಸಿಡಿಲು' ಕಾರ್ಡನ್ನ ಅವರಿಗೆ ಕೊಟ್ಟೆ. ನಾವಿಬ್ಬರೂ ಒಂದೇ ದಿನ, ಒಂದೇ ಅಂಗಡೀಲಿ ತಗೊಂಡಿದ್ದು. ನನಗೆ 'ಗೋಡೆ' ಬಂತು, ನಿನಗೆ 'ಸಿಡಿಲು' ಬಂತು. ಇಪ್ಪತ್ತು ವರ್ಷ ನನ್ನ ಗೋಡೆ ಮೇಲೆ ನಿನ್ನ ಸಿಡಿಲು ಬಿತ್ತು. ಅದನ್ನ ಹುಟ್ಟುಹಬ್ಬ ಅಂತ ಎತ್ತಿ ಕೊಟ್ಟುಬಿಟ್ಟೆ. ನನಗೆ ಒಂದು ಮಾತು ಹೇಳದೆ. ಒಂದು ಭಾನುವಾರ ಬಂದು ಕೂತ್ಕೋತೀನಿ, ಎದುರಿಗೆ ಸಿಡಿಲು ಇದೆ, ಅದರ ಹಿಂದೆ ನೀನಿಲ್ಲ...

ಕಾರ್ಡು ತಾನೇ ಅಂತೀಯಾ... ಅಂದುಬಿಡು, ಅಂದುಬಿಡು. ನನ್ನ ಹೆಂಡತಿ ಸರಿಯಾಗಿ ಹೇಳಿದ್ಲು. ನನಗೆ ಸವತಿ ಬರ್ಲಿಲ್ಲ, ನಿಮಗೆ ಬಂದಿದಾನೆ ಅಂದ್ಲು. ನಗಬೇಡ... ನಗು, ಪರವಾಗಿಲ್ಲ. ನಾನೂ ಅವತ್ತು ನಕ್ಕೆ. ಆಮೇಲೆ ಊಟ ಸೇರ್ಲಿಲ್ಲ...

ಮುಚ್ಚಳದ ಸಹಿ ಬೇರೆ ನೆನಪು ಮಾಡ್ಲಾ? ಪ್ರತಿ ವರ್ಷ ಹೊಸ ಕಾರ್ಡು ಕತ್ತರಿಸಿದ ದಿನ, ಬೇರೆ ಯಾರ ಕೈಗೂ ಕೊಡೋ ಮುಂಚೆ, ಮೊದಲ ಆಟ ನಾವಿಬ್ಬರೇ. ಗೆದ್ದವನು ಪೆಟ್ಟಿಗೆ ಮುಚ್ಚಳದ ಒಳಗೆ ಸಹಿ ಹಾಕೋದು. ಹದಿಮೂರು ವರ್ಷ ಹದಿಮೂರು ಸಹಿ. ನನ್ನವು ಏಳು, ನಿನ್ನವು ಆರು. ಹೋದ ವರ್ಷ ಮಷೀನಿನ ಬೆಲ್ಟ್ ಹರೀತು, ಎರಡು ಗಂಟೆ ತಡ ಆಯ್ತು. ನಿನ್ನ ಕೈಗೆ ಬೆಳಿಗ್ಗೆನೇ ಕೊಟ್ಟಿದ್ದ ಎರಡು ಕಟ್ಟು ಇತ್ತಲ್ಲ, ಕಾಯೋಕಾಗ್ಲಿಲ್ಲ ನಿನಗೆ. ನಾನು ಮೆಟ್ಟಿಲು ಹತ್ತಿ ಬರ್ತೀನಿ, ಒಳಗೆ ನಗು ಕೇಳುತ್ತೆ. ಮುಚ್ಚಳ ತೆಗೆದು ನೋಡ್ತೀನಿ, ಹದಿನಾಲ್ಕನೇದು ಹಸಿರು ಶಾಯಿ. ಮೇಷ್ಟ್ರ ಸಹಿ, ಕೆಳಗೆ ಎರಡು ಚುಕ್ಕೆ ಬೇರೆ. ಸ್ಕೂಲ್ ಪುಸ್ತಕಕ್ಕೆ ಹಾಕೋ ಹಾಗೆ...

ಇಲ್ಲ, ನೀನು ಆಗಲೂ ಹೇಳಿದೆ, ಈಗಲೂ ಹೇಳ್ತಿದೀಯ, ಬೇಜಾರಾಗುತ್ತೆ ಅಂತ ಗೊತ್ತಾಗ್ಲಿಲ್ಲ ಅಂತ. ಅದೇ ಕಣೋ ನನಗೆ ಆದ ಬೇಜಾರು...

ಹೂಂ. ಹೊಟ್ಟೆಕಿಚ್ಚು. ಆ ಪದ ನಾನೇ ಹೇಳ್ತೀನಿ, ನೀನು ಕಷ್ಟಪಡಬೇಡ. ಹೊಟ್ಟೆ ಉರೀತು. ನಿದ್ದೇಲೂ ಉರೀತು. ಮನೇಲಿ ಹೇಳಿಕೊಂಡ್ರೆ ನಗ್ತಾರೆ, ಪ್ರೆಸ್ಸಲ್ಲಿ ಹೇಳಿಕೊಂಡ್ರೆ ಹುಚ್ಚ ಅಂತಾರೆ. ಹೇಳಿಕೊಳ್ಳೋಕೆ ನನಗಿದ್ದವನು ನೀನೊಬ್ಬ, ನಿನ್ನ ಹತ್ರ ಹೇಗೆ ಹೇಳಲಿ...

ಅದಕ್ಕೇ ಈ ವರ್ಷ ಜ್ವರ ಅಂತ ಹೇಳಿ ಮೊದಲ ಆಟಕ್ಕೆ ಬರ್ಲಿಲ್ಲ. ಕಟ್ಟುಗಳ ಮೇಲೆ ಒಬ್ಬೊಬ್ಬರ ಹೆಸರು ಬರೆದು ನರ್ಸಕ್ಕನ ಕೈಲಿ ಕಳಿಸಿದೆ... ಜ್ವರ ಇರ್ಲಿಲ್ಲ. ಗೊತ್ತಿತ್ತಾ ನಿನಗೆ?... ಮತ್ತೆ ಯಾಕೆ ಹಣ್ಣು ತಗೊಂಡು ನೋಡೋಕೆ ಬಂದೆ?...

ಹಾಂ?... ಏನಂದೆ?... ಅಂಚು ನೋಡಿದ್ಯಾ. ಯಾವ ಅಂಚು?...

ಸರಿ... ಬ್ಲೇಡಲ್ಲಿ ಕೊಯ್ದ್ರೆ ಒಂದೊಂದು ಕಾರ್ಡಿಗೂ ಒಂದೊಂದು ಥರ ಬರುತ್ತೆ, ಸಣ್ಣಗೆ ಎಳೆ ಎದ್ದಿರುತ್ತೆ. ಇವು ನಲವತ್ತೂ ಕನ್ನಡಿ ಥರ ಇವೆ... ಹಾಂ... ಒಂದೇ ಏಟಿಗೆ ಬಿದ್ದ ಹಾಗಿವೆ...

ಯಾಕೋ ನಿಲ್ಲಿಸಿದೆ? ಮುಂದಕ್ಕೆ ಹೇಳು...

ಹೇಳಲ್ವಾ. ನಾನೇ ಹೇಳ್ಬೇಕಾ...

ನಾಲ್ಕು ಪರ್ಸೆಂಟಾ...

ಬಾಗಿಲು ಹಾಕಿದೆಯಾ ಅಲ್ಲಿ? ಮೇಷ್ಟ್ರಿಗೆ ಕೇಳಿಸಲ್ಲ ಅಲ್ವಾ?... ಸರಿ...

ನಾನೇ ಕಣೋ. ನಾಲ್ಕು ಜನರ ನಾಲ್ಕು ಕಟ್ಟು ಬೇರೆ ಬೇರೆ ಇಟ್ಟಿದ್ದೆ. ನಿನ್ನದು ಕತ್ತರಿಸಿದೆ, ನರ್ಸಕ್ಕನದು ಕತ್ತರಿಸಿದೆ, ನನ್ನದು ಆಯ್ತು. ಅವರ ಕಟ್ಟು ಕಟಿಂಗ್ ಮಷೀನಿನ ಒಳಗಿಟ್ಟೆ. ಅಳತೆ ಚಕ್ರದ ಮೇಲೆ ಕೈ ಇತ್ತು. ಒಂದು ಚೂರು ತಿರುಗಿಸಿದೆ. ಅರ್ಧ ಎಂಎಂ. ಮೂವತ್ತು ವರ್ಷದಲ್ಲಿ ಈ ಕೈ ಅಳತೆ ತಪ್ಪಿಲ್ಲ, ಅವತ್ತೂ ತಪ್ಪಲಿಲ್ಲ. ಬೇಕು ಅಂತಲೇ ಮಾಡ್ತು...

ಯಾಕೆ ಅಂದ್ರೆ? ಅವರನ್ನ ಕಳ್ಳ ಅನ್ನಿಸ್ಬೇಕು ಅಂತಿರ್ಲಿಲ್ಲ, ನನ್ನ ತಾಯಾಣೆ. ಆಡೋವಾಗ ಕೈಗೆ ಕಿರಿಕಿರಿ ಆಗ್ಲಿ, ಒಂದು ದಿನವಾದ್ರೂ ಕಾರ್ಡು ಕಲಸೋ ಆ ಸೊಗಸು ತಪ್ಪಲಿ, ನೀನು ನೋಡಿ ಏನ್ ಮೇಷ್ಟ್ರೇ ಕೈ ನಡುಗ್ತಾ ಇದೆ ಅನ್ಬೇಕು. ಅಷ್ಟೇ ಇದ್ದಿದ್ದು ತಲೇಲಿ. ಸಣ್ಣ ಬುದ್ಧಿ ಸಣ್ಣದಾಗೇ ಯೋಚನೆ ಮಾಡುತ್ತೆ. ಗುರುತಿನ ಕಾರ್ಡಾಗುತ್ತೆ ಅಂತ ಹೊಳೆದಿದ್ದು ನರ್ಸಕ್ಕ ಬಾಯಿ ಬಿಟ್ಟಾಗ. ಆಟದ ನಿಯಮ ಬರೆದವನಿಗೆ ಹೊಳೀಲಿಲ್ಲ ನೋಡು...

ಆಗಲೇ ಎದ್ದು ಹೇಳ್ಬೇಕಿತ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನಾನು ಮುಟ್ಟಿ ನೋಡ್ಕೊಳ್ಳೋ ಮುಂಚೆ ಅವರು ಆ ಕುಂಬಳಕಾಯಿನ ತಮ್ಮ ಹೆಗಲಿಗೆ ಏರಿಸ್ಕೊಂಡುಬಿಟ್ರು. ಬ್ಲೇಡ್ ಹಾಕಿದೆ ಅಂತ ಅವರು ಯಾಕೆ ಅಂದ್ರು, ನನಗೆ ಇವತ್ತಿಗೂ ತಿಳೀಲಿಲ್ಲ. ಒಂದೇ ಸಲ ನನ್ನ ಕಡೆ ನೋಡಿದ್ರು. ಆಮೇಲೆ ಕಾರ್ಡಿನ ಅಂಚಿನ ಮೇಲೆ ಬೆರಳಾಡಿಸಿದ್ರು. ಆಮೇಲೆ ಹಾಗಂದ್ರು...

ಇನ್ನೊಂದು ಹೇಳಿಬಿಡ್ತೀನಿ, ಹೇಳೋಕೆ ಶುರು ಮಾಡಿದೀನಿ. ಈ ವರ್ಷದ ನಲವತ್ತರಲ್ಲಿ ಹೊಸ 'ಗೋಡೆ' ಒಂದಿದೆಯಲ್ಲ. ಅದಕ್ಕೆ ಅವರು ನನ್ನ ಮುಖ ಬರೆದಿದಾರೆ. ನನ್ನ ಬೊಕ್ಕ ತಲೆ, ನನ್ನ ಕಿವಿ. ಗೇಲಿ ಮಾಡೋಕೆ ಬರೆದ ಅಂದ್ಕೊಂಡೆ. ಮೋಟು ಕತ್ತರಿಸೋವಾಗ ಮೇಲಿನ ಕಾರ್ಡು ಅದೇ ಇತ್ತು. ಗೇಲಿ ಅಲ್ಲ ಅಂತ ಆಗಲೇ ಕಂಡಿತು ಕಣೋ. ಅಷ್ಟು ಚೆನ್ನಾಗಿ ಯಾರೂ ಗೇಲಿ ಮಾಡಲ್ಲ. ಕಾಲು ಎಷ್ಟು ಗಟ್ಟಿಯಾಗಿ ನಿಂತಿದೆ, ನೋಡಿದೀಯಾ? ನಾನು ಬರೆದಿದ್ರೆ ದಿಂಬಾಗ್ತಿತ್ತು... ಆದ್ರೂ ಕೈ ನಿಲ್ಲಲಿಲ್ಲ...

ಹಲೋ?... ಬೈದುಬಿಡೋ...

ಏನು?... ಅವತ್ತೇನಾ?... ಮೂರು ವಾರದಿಂದ ಗೊತ್ತಾ ನಿನಗೆ? ಮತ್ತೆ ಎರಡು ಭಾನುವಾರ ನನ್ನ ಎದುರಿಗೆ ಕೂತು ಟೀ ಕುಡಿದೆಯಲ್ಲೋ. ಬಿಸ್ಕತ್ತು ಬೇರೆ ನನ್ನ ಕಡೆಗೇ ತಳ್ಳಿದೆ...

ಕಾಯ್ತಾ ಇದ್ಯಾ... ನಾನೇ ಹೇಳ್ಲಿ ಅಂತ... ಹಾಂ... ಹಲ್ಲು ತಾನಾಗಿ ಅಲ್ಲಾಡೋ ತನಕ ಕೀಳಬಾರದು ಅಂತೀಯಾ. ಸಾಕು, ನಿನ್ನ ಕಸುಬಿನ ಗಾದೆ ಬೇಡ ಈಗ...

ಅವರಿಗೂ ಗೊತ್ತಾ? ಡ್ರಾಯಿಂಗ್ ಮೇಷ್ಟ್ರಲ್ವಾ, ದಿನಾ ಕಾಗದ ಕತ್ತರಿಸೋರು, ಗೊತ್ತಾಗದೆ ಇರುತ್ತಾ. ಮತ್ತೆ ಯಾಕಂತೆ ಮೈಮೇಲೆ ಹಾಕ್ಕೊಂಡಿದ್ದು? ಕೇಳಿದ್ಯಾ?...

ಅವರ ಬದಲು ಇನ್ನೊಬ್ಬ ಆಟಗಾರ ಸಿಗ್ತಾನೆ, ಕಾರ್ಡು ಕತ್ತರಿಸೋನು ನಾನೊಬ್ಬನೇ ಇರೋದು ಅಂದ್ರಾ...

ಬೋರ್ಡೇ ಇಲ್ವಲ್ಲೋ ಇನ್ನು ಕತ್ತರಿಸೋಕೆ. ಅದು ಗೊತ್ತಿಲ್ವಾ ಅವರಿಗೆ?... ಗೊತ್ತಿದ್ದೂ ಅಂದ್ರಾ...

ನೋಡಿದ್ಯಾ. ಇದರಲ್ಲೂ ಅವರೇ ಗೆದ್ರು. ಚಿತ್ರದಲ್ಲಿ ಗೆದ್ರು, ಸಹಿ ಗೆದ್ರು, ನಿನ್ನನ್ನ ಗೆದ್ರು, ಈಗ ಒಳ್ಳೇತನದಲ್ಲೂ ನನ್ನನ್ನ ಚಿತ್ ಮಾಡಿದ್ರು. ಸೋಲಿಸಿದ್ರೆ ಬೈಬಹುದು, ಇವರು ಎತ್ತಿ ಕೂರಿಸ್ತಾರೆ. ಈಗಲೂ ಉರೀತಿದೆ, ಸುಳ್ಳು ಯಾಕೆ ಹೇಳ್ಲಿ...

ಇಲ್ಲ, ಪೆಟ್ಟಿಗೆ ನನಗೆ ಬೇಡ. ನನ್ನ ಮನೇಲಿ ಜಾಗ ಇಲ್ಲ... ಜಾಗ ಇದೆ. ಬೇಡ ಅಂದೆ. ಆ ಪೆಟ್ಟಿಗೆ ನನ್ನ ಮನೇಲಿ ಇದ್ರೆ ದಿನಾ ಮುಚ್ಚಳ ತೆಗೆದು ನೋಡ್ತೀನಿ, ಹದಿನೈದನೇ ಸಹಿ ಜಾಗ ಖಾಲಿ ಕಾಣುತ್ತೆ. ಅದನ್ನ ಖಾಲಿ ಮಾಡಿದವನು ನಾನು...

ಹೇಳ್ತೀನಿ ಕಣೋ. ಮೂವತ್ತೆರಡು ಜನ ಒಬ್ಬೊಬ್ಬರಾಗಿ ಹೋದ್ರಲ್ಲ, ಯಾರೂ ಜಗಳ ಆಡಿ ಹೋಗ್ಲಿಲ್ಲ. ಒಬ್ಬನಿಗೆ ವರ್ಗ ಆಯ್ತು, ಒಬ್ಬನಿಗೆ ಮೊಮ್ಮಗು ಆಯ್ತು, ಒಬ್ಬನಿಗೆ ಕಣ್ಣು ಕಾಣದಾಯ್ತು. ಆಟ ತಾನಾಗಿ ಸಾಯೋದಾದ್ರೆ ಹೆಗಲು ಕೊಡ್ತಿದ್ದೆ. ನನ್ನ ಕೈಯಿಂದ ಸಾಯೋದು ಬೇಡ...

ಎಷ್ಟಿದೆ?... ಮೂರಾ. ಸರಿ, ಬೇಗ ಕೇಳು. ನಾಳೆ ನರ್ಸಕ್ಕನ ಮುಂದೆ ನಾನೇ ಹೇಳ್ತೀನಿ. ಹೇಗೆ ಬೈತಾಳೋ ಬೈಲಿ, ಅವಳ ಬಾಯಿಗೆ ಆಸ್ಪತ್ರೆಯ ಡಾಕ್ಟರುಗಳೇ ಹೆದರ್ತಾರೆ. ಅದು ಆಯ್ತು. ಕಾರ್ಡಿನ ವಿಷಯ. ಬೋರ್ಡಿಲ್ಲ, ಹೊಸದಾಗಿ ಮಾಡಿ ಕೊಡೋಕಾಗಲ್ಲ. ಮೋಟಾದದ್ದನ್ನ ಉದ್ದ ಮಾಡೋ ಮಷೀನು ಇನ್ನೂ ಬಂದಿಲ್ಲ. ಅದಕ್ಕೇ ಹೀಗೆ ಮಾಡೋಣ. ಸರಿ ಅಳತೆಯ ನನ್ನ ನಲವತ್ತು ಕಾರ್ಡು ಮೇಷ್ಟ್ರು ಇಟ್ಕೊಳ್ಳಲಿ. ಅವರ ಮೋಟು ನಲವತ್ತು ನನಗೆ...

ಗೊತ್ತು, ಆಗ ನನ್ನ ಕಟ್ಟು ಗುರುತಿನ ಕಟ್ಟಾಗುತ್ತೆ. ಹಳೇದು ಉದ್ದ, ಹೊಸದು ಮೋಟು. ಅದಕ್ಕೆ ಹಳೇದನ್ನೂ ಮೋಟು ಮಾಡ್ತೀನಿ. ಎಲ್ಲಾ ಒಂದೇ ಅಳತೆ ಆದ್ರೆ ಗುರುತು ಎಲ್ಲಿ ಉಳೀತು?...

ಹೌದು, ಅದೇ. ಕಂಪನಿಯ ಮೊದಲ ಮುದ್ರಣ. ಅಂಗಡೀಲಿ ತಗೊಂಡ ಅದೇ ಅರವತ್ತು. ನನ್ನ ಆಟದ ಕಟ್ಟು ಅಂದ್ರೆ ಅದು, ಜೊತೆಗೆ ಆಯಾ ವರ್ಷದ ನಲವತ್ತು, ಅಷ್ಟೇ ತಾನೇ...

ಯಾಕಿಷ್ಟು ಗಾಬರಿ ನಿನಗೆ? ನನ್ನ ಕಾರ್ಡು, ನನ್ನ ಮಷೀನು... ಮಗಳಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ, ನಿಜ. ಕೈ ತೊಳೆದು ಒರೆಸ್ಕೊಂಡು ಮುಟ್ತಿದ್ದೆ, ಅದೂ ನಿಜ. ಇಪ್ಪತ್ತೆರಡು ವರ್ಷದಲ್ಲಿ ಒಂದು ಮೂಲೆ ಮಡಚಿಲ್ಲ. ಅದಕ್ಕೇ ಹೇಳ್ತಿರೋದು. ಯಾವುದೋ ರದ್ದಿ ಕತ್ತರಿಸಿ ಕ್ಷಮಿಸಿ ಅಂದ್ರೆ ಯಾರು ಕೇಳ್ತಾರೆ...

ಇಲ್ಲೇ ಇದೆ. ನಾಳೆ ಆಟಕ್ಕೆ ಅಂತ ತಂದು ಡ್ರಾಯರಲ್ಲಿಟ್ಟಿದ್ದೆ. ತಡಿ... ತಗೊಂಡೆ. ನೀನು ಮಾತಾಡ್ತಾ ಇರು, ಕೇಳಿಸ್ತಿದೆ. ಮೇಜಿಗೆ ಕುಟ್ಟಿ ನೇರ ಮಾಡ್ತಿದೀನಿ. ಕೇಳಿಸ್ತಾ, ಟಕ್ ಟಕ್?... ಮೇಲೊಂದು ರಟ್ಟು, ಕೆಳಗೊಂದು ರಟ್ಟು, ಇಲ್ಲದಿದ್ರೆ ಅದುಮಿದ ಕಲೆ ಬೀಳುತ್ತೆ. ಗೋಡೆ ಎಲ್ಲಕ್ಕಿಂತ ಮೇಲಿದೆ. ಹಳೇ ಗೋಡೆ. ಇವನಿಗೆ ಕಂಪನಿಯವರು ಮೀಸೆ ಕೊಟ್ಟಿದ್ರು, ಮರೆತೇ ಹೋಗಿತ್ತು. ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತ ಎಷ್ಟು ಸಲ ಅಂದಿದೀಯೋ ನನಗೆ ಇವನನ್ನ ತೋರಿಸಿ. ಇವತ್ತು ಮಣ್ಣಾಯ್ತು ಬಿಡು...

ಬೇಡ ಅನ್ನಬೇಡ. ನೀನು ಬೇಡ ಅಂದ್ರೆ ನಿಲ್ಲಿಸಿಬಿಡ್ತೀನಿ, ನನ್ನನ್ನ ನಾನು ಬಲ್ಲೆ...

ಹಾಂ. ಹಾಂ... ಸರಿ. ಬಾಗಿಲು ತೆಗೆದು ಮೇಷ್ಟ್ರನ್ನ ಒಳಗೆ ಕರಿ. ಫೋನ್ ಅವರ ಕೈಗೆ ಕೊಡು. ಅವರ ಫೋನೇ ಅಲ್ವಾ, ಕೊಡು...

...

ನಮಸ್ಕಾರ ಮೇಷ್ಟ್ರೇ... ಹಾಂ, ಚೆನ್ನಾಗಿದೀನಿ... ಇಲ್ಲ, ಕತ್ತು ನೋವು ಈಗಿಲ್ಲ...

ಮೇಷ್ಟ್ರೇ, ಒಂದು ನಿಮಿಷ ನೀವು ಮಾತಾಡಬೇಡಿ. ನೀವು ಮಾತಾಡಿದ್ರೆ ಒಳ್ಳೇದೇನಾದ್ರೂ ಅಂದುಬಿಡ್ತೀರ, ನನಗೆ ತಡೆಯೋಕಾಗಲ್ಲ. ನಿಮ್ಮ ಕಾರ್ಡು ಮೋಟು ಮಾಡಿದ್ದು ನಾನು. ಬೇಕಂತಲೇ ಮಾಡಿದ್ದು. ನಿಮಗೆ ಗೊತ್ತು ಅಂತ ನನಗೀಗ ಗೊತ್ತಾಯ್ತು. ಆದ್ರೂ ನನ್ನ ಬಾಯಿಂದ ನಿಮ್ಮ ಕಿವಿಗೆ ಬೀಳಬೇಕಿತ್ತು, ಬಿತ್ತು...

ಪರವಾಗಿಲ್ಲ ಅನ್ನಬೇಡಿ ಮೇಷ್ಟ್ರೇ, ಕೇಳ್ಕೋತೀನಿ. ಪರವಾಗಿದೆ...

ಜೋಡಿಸಿದ್ದು ಸಾಕು, ಕಾರ್ಡು ವಾಪಸ್ ಚೀಲಕ್ಕೆ ಹಾಕಿ. ನಾಳೆ ಬನ್ನಿ. ಹದಿನೈದನೇ ವರ್ಷದ ಮೊದಲ ಆಟ ಇನ್ನೂ ಆಗಿಲ್ಲ. ನಾವಿಬ್ಬರೂ ಆಡೋಣ. ನೀವು ಸಿಡಿಲು, ನಾನು ಗೋಡೆ. ಆ ಹಲ್ಲುಸೆಟ್ಟು ಪಕ್ಕದಲ್ಲಿ ಕೂತು ನೋಡ್ಲಿ, ಬೇರೆಯವರು ಆಡೋದನ್ನ ನೋಡ್ತಾ ಕೂರೋದು ಹೇಗಿರುತ್ತೆ ಅಂತ ಅವನಿಗೂ ಒಂದು ಸಲ ಗೊತ್ತಾಗ್ಲಿ... ನಕ್ರಾ?... ಅವನೂ ನಗ್ತಿದಾನಾ ಅಲ್ಲಿ?...

ಆಮೇಲೆ, ಆ ಸ್ಟೂಲು. ನೀವು ಕೂತ್ಕೊಳ್ಳಿ. ಎಡಗಡೆ ಕಾಲು ಕುಂಟು, ಒಂದು ಚೂರು ಬಲಕ್ಕೆ ವಾಲಿ ಕೂರಬೇಕು. ಅವನು ಹೇ‍ಳಿರಲ್ಲ ನಿಮಗೆ...

ಕೂಗ್ತಿದೆ ಅಲ್ವಾ ನಿಮ್ಮ ಫೋನು. ಒಂದೇ ಒಂದು ಪರ್ಸೆಂಟಾ? ಸಾಕು, ಅಷ್ಟು ಸಾಕು. ಸ್ಪೀಕರ್ ಹಾಕಿ, ಅವನಿಗೂ ಕೇಳ್ಲಿ... ಹಾಕಿದ್ರಾ? ಇಬ್ಬರೂ ಕೇಳಿ. ಇದು ಎರಡು ಕೈಯಲ್ಲೂ ಗುಂಡಿ ಒತ್ತಿದ್ರೆ ಮಾತ್ರ ಅಲಗು ಬೀಳೋ ಮಷೀನು. ಒಂದು ಕೈ ಖಾಲಿ ಇದ್ರೆ ಅದನ್ನ ಒಳಗೆ ಇಟ್ಟುಬಿಡ್ತೀವಿ ಅಂತ ಮಾಡಿದವನಿಗೆ ಗೊತ್ತಿತ್ತು. ಅದಕ್ಕೆ ಫೋನ್ ಕೆಳಗಿಡ್ತೀನಿ. ಕಟ್ ಮಾಡಬೇಡಿ. ಶಬ್ದ ಕೇಳಿಸುತ್ತೆ, ಆಮೇಲೆ ಎತ್ಕೋತೀನಿ...

ಅರ್ಧ ಎಂಎಂ. ಇಟ್ಟೆ...

...

...

ಬಿತ್ತು. ಕೇಳಿಸ್ತಾ ಮೇಷ್ಟ್ರೇ?... ದಾರದಂಥ ಒಂದು ಎಳೆ ಬಂತು ಅಷ್ಟೆ. ಅರವತ್ತು ಕಾರ್ಡಿಂದ ಬಂದಿದ್ದು ಒಂದು ಚಿಟಿಕೆ. ಲೋ, ಕೇಳಿಸ್ತೇನೋ ನಿನಗೆ?... ಹಲೋ?...

ಹಲೋ...